ತೋಟ ಅಡವಿಡುವ ಮುಂಚೆ: ವಿದೇಶದ ಓದಿಗೆ ದುಡ್ಡಿನ ದಾರಿಗಳು, ಕೊಡಗಿನ ಲೆಕ್ಕದಲ್ಲಿ

ಕಳೆದ ವರ್ಷ ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತಮ್ಮನ ಮಗಳು ನಮ್ಮ ಮನೆಗೆ ಬಂದಳು. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದ ಹುಡುಗಿ. ಕೈಯಲ್ಲಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಆಫರ್ ಲೆಟರ್ ಇತ್ತು. ಒಂದು ವರ್ಷದ ಎಂಎಸ್ಸಿ. ಫೀಸು, ರೂಮು, ಊಟ, ವೀಸಾ, ಟಿಕೆಟ್ ಎಲ್ಲ ಸೇರಿ 30 ಲಕ್ಷ.

"ದೊಡ್ಡಪ್ಪ, ಅಪ್ಪ ತೋಟ ಅಡವಿಟ್ಟು ಸಾಲ ತೆಗೀತೀನಿ ಅಂತಿದ್ದಾರೆ. ನೀವೊಂದು ಮಾತು ಹೇಳಿ" ಅಂದಳು. ಬೇಡ ಅಂತ ಹೇಳಬೇಕೋ, ತೆಗೀಲಿ ಅಂತ ಹೇಳಬೇಕೋ, ಅದನ್ನು ಮಾತ್ರ ಅವಳು ಹೇಳಲಿಲ್ಲ.

ಕಾಫಿ ತೂಕದ ಚೀಟಿಯೊಂದು ಮೇಜಿನ ಮೇಲೆ ಬಿದ್ದಿತ್ತು. ಅದರ ಹಿಂದೆಯೇ ಲೆಕ್ಕ ಹಾಕಿದೆವು. 30 ಲಕ್ಷ ಸಾಲ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳೋಣ. ಓದುವ ಒಂದು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ. ಎರಡು ವರ್ಷಕ್ಕೆ 6 ಲಕ್ಷ ಸೇರಿ 36 ಲಕ್ಷ ಆಯಿತು. ಅದನ್ನು 10 ವರ್ಷದಲ್ಲಿ ತೀರಿಸಬೇಕು ಅಂದರೆ ತಿಂಗಳಿಗೆ ಸುಮಾರು 47,600 ರೂಪಾಯಿ ಕಂತು. ವರ್ಷಕ್ಕೆ 5 ಲಕ್ಷ 71 ಸಾವಿರ.

ಇದನ್ನು ಚೀಲಕ್ಕೆ ತಿರುಗಿಸಿದಾಗಲೇ ತಮ್ಮನಿಗೆ ಬಿಸಿ ತಟ್ಟಿದ್ದು. ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10 ಸಾವಿರ ಇದ್ದರೆ ವರ್ಷಕ್ಕೆ 57 ಚೀಲ ಕಂತಿಗೆ ಹೋಗುತ್ತದೆ. ಕೆಲವೇ ವರ್ಷದ ಹಿಂದೆ ಇದೇ ಚೀಲಕ್ಕೆ 3,500ರ ಆಸುಪಾಸು ಸಿಗುತ್ತಿತ್ತಲ್ವಾ? ಆ ರೇಟಿಗೆ ಇಳಿದರೆ 163 ಚೀಲ ಬೇಕು. ಹತ್ತು ಎಕರೆ ತೋಟದವರಿಗೆ ಅದು ಹೆಚ್ಚು ಕಡಿಮೆ ಇಡೀ ವರ್ಷದ ಫಸಲು. ಕೆಲಸದವರ ಸಂಬಳ, ಗೊಬ್ಬರ, ಸ್ಪ್ರಿಂಕ್ಲರಿನ ಡೀಸೆಲ್ ಎಲ್ಲಿಂದ ತರುವುದು? 2018ರ ಆಗಸ್ಟಿನಂಥ ಮಳೆ ಇನ್ನೊಂದು ಬಂದರಂತೂ ಕೇಳುವುದೇ ಬೇಡ.

ಅವತ್ತಿನಿಂದ ನಾನು ಯಾರಿಗಾದರೂ ಹೇಳುವುದು ಒಂದೇ. ದುಡ್ಡು ಎಲ್ಲಿ ಸಿಗುತ್ತೆ ಅಂತ ಹುಡುಕುವ ಮೊದಲು ಬಿಲ್ ಎಷ್ಟು ಇಳಿಯುತ್ತೆ ನೋಡಿ. ಆಮೇಲೆ ವಿದ್ಯಾರ್ಥಿವೇತನ. ಆಮೇಲೆ ಸಾಲ. ತೋಟದ ಪತ್ರ ಎಲ್ಲಕ್ಕಿಂತ ಕೊನೆಗೆ.

ದೇಶ ಬದಲಿಸಿದರೆ ಎಷ್ಟು ಉಳಿಯುತ್ತೆ?

ಜರ್ಮನಿಯಲ್ಲಿ ಓದು ಫ್ರೀ ಅಂತ ಎಲ್ಲರೂ ಕೇಳಿರುತ್ತೀರಿ. ಅರ್ಧ ನಿಜ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಸಿಲ್ಲ. ಸೆಮಿಸ್ಟರಿಗೆ 100ರಿಂದ 400 ಯೂರೋವರೆಗೆ ಒಂದು ಶುಲ್ಕ ಇರುತ್ತದೆ, ಹಲವು ಕಡೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಸೇರಿರುತ್ತದೆ. ಆದರೆ ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್, ಫ್ರೈಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀಸು ಶುರು ಮಾಡಿದೆ. ಹೆಸರು ನೋಡಿ ಅರ್ಜಿ ಹಾಕುವ ಮೊದಲು ಅದು ಯಾವ ರಾಜ್ಯದಲ್ಲಿದೆ ಅಂತ ನೋಡಿ.

ಇನ್ನರ್ಧ ಬ್ಲಾಕ್ಡ್ ಅಕೌಂಟ್. ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚು, ಅಂದರೆ 11,904 ಯೂರೋ, ಅಲ್ಲಿನ ಖಾತೆಯಲ್ಲಿ ಇಡಬೇಕು. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ ಸುಮಾರು 12 ಲಕ್ಷ. ಇದು ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಕ್ಕಳ ಕೈಗೇ ವಾಪಸ್ ಬರುತ್ತದೆ.

ಹಾಗಾದರೆ ಬ್ರಿಟನ್ನಿಗೆ 30 ಲಕ್ಷ, ಜರ್ಮನಿಗೆ 12 ಲಕ್ಷ ಅಂತ ಲೆಕ್ಕ ಹಾಕಬೇಡಿ. ಜರ್ಮನಿಯಲ್ಲಿ ಮಾಸ್ಟರ್ಸ್ ಸಾಮಾನ್ಯವಾಗಿ ಎರಡು ವರ್ಷ. ಎರಡು ವರ್ಷದ ಬದುಕಿನ ಖರ್ಚು 24 ಲಕ್ಷ ಆಯಿತು. ಮೇಲೆ ಒಂದು ವರ್ಷದ ಸಂಬಳ ತಡವಾಗುತ್ತದೆ. ಆದರೂ ನನ್ನ ಓಟು ಜರ್ಮನಿಗೇ. ಎರಡನೇ ವರ್ಷದ ದುಡ್ಡು ಒಂದೇ ಸಲ ಬೇಕಿಲ್ಲ, ಇನ್ನೊಂದು ಫಸಲು ಮಾರಿ ಕಳಿಸಬಹುದು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಅದರಿಂದಲೂ ಸ್ವಲ್ಪ ಭಾರ ಇಳಿಯುತ್ತದೆ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಹೋಟೆಲಿನ ಕೆಲಸಕ್ಕೆ ಜರ್ಮನ್ ಭಾಷೆ ಬೇಕು. ಹೋಗುವ ಮೊದಲೇ ಕಲಿತುಕೊಂಡವರಿಗೆ ಆ ಕೆಲಸ ಬೇಗ ಸಿಗುತ್ತದೆ.

ಪಿಯುಸಿ ಮುಗಿಸಿದ ಕೂಡಲೇ ಜರ್ಮನಿಗೆ ಕಳಿಸಬೇಕು ಅಂತ ಕೇಳುವವರೂ ಇದ್ದಾರೆ. ನಮ್ಮ ಹನ್ನೆರಡನೇ ಕ್ಲಾಸಿಗೆ ಅಲ್ಲಿ ಸಾಮಾನ್ಯವಾಗಿ ನೇರ ಪ್ರವೇಶ ಇಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಡಿಗ್ರಿ ಇಲ್ಲೇ ಮುಗಿಸಿ ಮಾಸ್ಟರ್ಸಿಗೆ ಹೋಗುವುದು ಎಷ್ಟೋ ಅಗ್ಗ.

ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ಫೀಸು ವರ್ಷಕ್ಕೆ 4 ಸಾವಿರ ಯೂರೋ ಒಳಗೇ ಇದೆ. ಇಟಲಿಯದು ಇನ್ನೊಂದು ತರ. ಅಲ್ಲಿ ಪ್ರಾಂತ್ಯಗಳು ಕೊಡುವ ವಿದ್ಯಾರ್ಥಿವೇತನ ಅಂಕಕ್ಕಿಂತ ಹೆಚ್ಚಾಗಿ ಮನೆಯ ಆದಾಯ ಮತ್ತು ಆಸ್ತಿ ನೋಡುತ್ತದೆ. ಸಿಕ್ಕಿದರೆ ಫೀಸು ಮನ್ನಾ, ಕೈಗೆ ದುಡ್ಡು, ಎಷ್ಟೋ ಕಡೆ ಊಟವೂ ಸಿಗುತ್ತದೆ. ಸಂಬಳದವರ ಮಕ್ಕಳಿಗೆ ಕಾಗದ ಸುಲಭ. ತೋಟದವರಿಗೆ ಆದಾಯ ಪತ್ರದ ಜೊತೆಗೆ ಜಾಗದ ದಾಖಲೆಯೂ ಭಾಷಾಂತರ ಆಗಬೇಕು. ಆದಾಯ ಕಡಿಮೆ ಇದ್ದರೂ ಆಸ್ತಿ ಲೆಕ್ಕಕ್ಕೆ ಬರುತ್ತದೆ ಅನ್ನುವುದು ನೆನಪಿರಲಿ.

ಎಂಬಿಬಿಎಸ್‌ಗೆ ಹೊರದೇಶಕ್ಕೆ ಹೋಗುವವರ ಲೆಕ್ಕವೇ ಬೇರೆ. ನೀಟ್, 54 ತಿಂಗಳ ಕೋರ್ಸು, ವಾಪಸ್ ಬಂದ ಮೇಲಿನ ಪರೀಕ್ಷೆ ಎಲ್ಲ ಇದೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ವಿದ್ಯಾರ್ಥಿವೇತನ: ಯಾರಿಗೆ ಯಾವುದು

ದೊಡ್ಡ ಹೆಸರುಗಳನ್ನು ಎಲ್ಲರೂ ಪಟ್ಟಿ ಮಾಡುತ್ತಾರೆ. ನಿಮಗೆ ಬೇಕಿರುವುದು ಒಂದೇ ಪ್ರಶ್ನೆಗೆ ಉತ್ತರ: ಕೆಲಸದ ಅನುಭವ ಇದೆಯಾ, ಇಲ್ಲವಾ?

ಈಗಷ್ಟೇ ಡಿಗ್ರಿ ಮುಗಿದಿದ್ದರೆ ಎರಾಸ್ಮಸ್ ಮುಂಡಸ್ ನೋಡಿ. ಯುರೋಪಿನ ಎರಡು ಮೂರು ದೇಶಗಳಲ್ಲಿ ಓದಿಸುವ ಜಂಟಿ ಮಾಸ್ಟರ್ಸ್. ಸಿಕ್ಕಿದರೆ ಫೀಸು ಪೂರ್ತಿ ಅವರದ್ದು, ತಿಂಗಳಿಗೆ 1,400 ಯೂರೋ ಕೈಗೆ. ಸ್ಪರ್ಧೆ ಜೋರು. ಆದರೆ ಕಾಡು, ಕೃಷಿ, ನೀರು ಅಂತ ಓದಿದವರಿಗೆ ಹೊಂದುವ ಕೋರ್ಸುಗಳೂ ಇವೆ.

ಎರಡು ವರ್ಷ ಕೆಲಸ ಮಾಡಿದ್ದರೆ ಬಾಗಿಲು ಜಾಸ್ತಿ. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ ಮಾಸ್ಟರ್ಸಿನ ಖರ್ಚು ಪೂರ್ತಿ ಕೊಡುತ್ತದೆ. 2,800 ಗಂಟೆ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಅನ್ನುತ್ತದೆ. ಅಲ್ಲೇ ಉಳಿಯಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ಜರ್ಮನಿಯ ಡಾಡ್ (DAAD) ಸಂಸ್ಥೆ ಅಭಿವೃದ್ಧಿಗೆ ಸಂಬಂಧಿಸಿದ ಕೆಲವು ಕೋರ್ಸುಗಳಿಗೆ ಅಂತಲೇ ಒಂದು ಯೋಜನೆ ಇಟ್ಟಿದೆ. ಅದಕ್ಕೂ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಬೇಕು, ಹಿಂದಿನ ಡಿಗ್ರಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಡ್ರೆಸ್ಡೆನ್ ವಿಶ್ವವಿದ್ಯಾಲಯದ ಉಷ್ಣವಲಯದ ಅರಣ್ಯದ ಕೋರ್ಸ್ ಈ ಯೋಜನೆಯಲ್ಲಿ ಬಂದಿರುವಂಥದ್ದು. ಪೊನ್ನಂಪೇಟೆಯಲ್ಲಿ ಓದಿದ ಹುಡುಗಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನು ಬೇಕು? ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸಿಗೆ ಮೂರು ವರ್ಷದ ಅನುಭವ ಬೇಕು.

ಸಂಶೋಧನೆಯಲ್ಲೇ ಆಸಕ್ತಿ ಇರುವವರು ನೇರ ಪಿಎಚ್‌ಡಿ ನೋಡಬಹುದು. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿಗಳಿಗೆ ಸಾಮಾನ್ಯವಾಗಿ ಫೀಸು ಮನ್ನಾ ಆಗಿ ಸ್ಟೈಪೆಂಡ್ ಸಿಗುತ್ತದೆ. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಎಷ್ಟೋ ಪಿಎಚ್‌ಡಿಗಳು ಸಂಬಳದ ಕೆಲಸವೇ. ಮನೆಯಿಂದ ದುಡ್ಡು ಹಾಕಿ ಪಿಎಚ್‌ಡಿ ಮಾಡು ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ಇನ್ನು ಸರ್ಕಾರದ್ದು. ಪರಿಶಿಷ್ಟ ಪಂಗಡದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 20 ಸೀಟು. ಅದರಲ್ಲಿ 3 ಸೀಟು ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಎರಡೇ ಸಮುದಾಯ, ಜೇನುಕುರುಬರು ಮತ್ತು ಕೊರಗರು. ನಾಗರಹೊಳೆಯ ಅಂಚಿನ ಹಾಡಿಯಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿ ಇದ್ದರೆ ಈ ಸುದ್ದಿ ಅವರಿಗೆ ಮುಟ್ಟಿಸಿ. ಯರವರ ಮಕ್ಕಳು ಉಳಿದ 17ರಲ್ಲಿ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿಯವರು, ಭೂಮಿಯಿಲ್ಲದ ಕೃಷಿ ಕೂಲಿಯವರು, ಸಾಂಪ್ರದಾಯಿಕ ಕುಶಲಕರ್ಮಿಗಳು ಮುಂತಾದವರಿಗೆ ಬೇರೆಯೇ 125 ಸೀಟು ಇವೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. ತೋಟದ ಕೂಲಿಯವರ ಲೈನುಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ನಿಗಮ ಬಡ್ಡಿಯಿಲ್ಲದ ಸಾಲ ಕೊಡುತ್ತವೆ. ಅರ್ಜಿ ಕರೆಯುವ ದಿನ ಪ್ರತಿವರ್ಷ ಒಂದೇ ಇರುವುದಿಲ್ಲ, ಮಡಿಕೇರಿಯ ಜಿಲ್ಲಾ ಕಚೇರಿಯಲ್ಲಿ ಕೇಳುತ್ತಲೇ ಇರಬೇಕು.

ಎರಡು ಕಡೆ ಜನ ಮೋಸ ಹೋಗುತ್ತಾರೆ. ಒಂದು, ಕೇಂದ್ರದ ಶಿಕ್ಷಣ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿ. ಅದು ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ. ಇನ್ನೊಂದು, ಮಾಜಿ ಸೈನಿಕರ ಮಕ್ಕಳಿಗೆ ಸಿಗುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಮಾಜಿ ಸೈನಿಕರು, ಹಾಗಾಗಿ ಎಲ್ಲರೂ ಇದನ್ನೇ ಕೇಳುತ್ತಾರೆ. ಹೊರದೇಶದ ಓದಿಗೆ ಅದು ಬರುವುದಿಲ್ಲ.

ಏಜೆಂಟರ ಬಗ್ಗೆ ಒಂದು ಮಾತು. ನಮ್ಮ ಹುಡುಗಿಗೂ ಒಬ್ಬರು "ಶೇ. 20 ಸ್ಕಾಲರ್‌ಶಿಪ್ ಕೊಡಿಸಿದ್ದೇವೆ" ಅಂತ ಸರ್ವಿಸ್ ಚಾರ್ಜ್ ತೆಗೆದುಕೊಂಡಿದ್ದರು. ಆಮೇಲೆ ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿದರೆ ಭಾರತದಿಂದ ಬರುವ ಎಲ್ಲರಿಗೂ ಅದೇ ರಿಯಾಯಿತಿ! ದೀಪಾವಳಿ ಸೇಲಿನಲ್ಲಿ ಸೀರೆ ಬೆಲೆ ಏರಿಸಿ ಇಳಿಸುತ್ತಾರಲ್ಲ, ಹಾಗೆ.

ಸಾಲಕ್ಕೆ ಕೂತಾಗ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಅದರ ಮೇಲೆ ಕೇಳುತ್ತಾರೆ. ಆದರೆ ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿ ಇಟ್ಟುಕೊಂಡು, ಅಲ್ಲಿ ಸೀಟು ಸಿಕ್ಕವರಿಗೆ ಅಡಮಾನವಿಲ್ಲದೆ ದೊಡ್ಡ ಮೊತ್ತ ಕೊಡುವ ಸರ್ಕಾರಿ ಬ್ಯಾಂಕುಗಳೂ ಇವೆ. ಹಾಗಾಗಿ ಮ್ಯಾನೇಜರನ್ನು ಮೊದಲು ಕೇಳಬೇಕಾದ್ದು "ಎಷ್ಟು ಬಡ್ಡಿ" ಅಂತ ಅಲ್ಲ, "ನಿಮ್ಮ ಪಟ್ಟಿಯಲ್ಲಿ ಈ ವಿಶ್ವವಿದ್ಯಾಲಯ ಇದೆಯಾ" ಅಂತ.

ಖಾಸಗಿ ಫೈನಾನ್ಸ್ ಕಂಪನಿಗಳು ಬೇಗ ಕೊಡುತ್ತವೆ, ಕಾಗದ ಕಡಿಮೆ. ಬಡ್ಡಿ ಜಾಸ್ತಿ. ಓದುವಾಗಲೇ ತಿಂಗಳಿಗೆ ಬಡ್ಡಿಯ ಒಂದು ಭಾಗ ಕಟ್ಟಿ ಅಂತ ಹೇಳುವುದೂ ಉಂಟು. ತಿಂಗಳ ಸಂಬಳ ಇರುವ ಮನೆಗೆ ಅದು ಪರವಾಗಿಲ್ಲ. ನಮ್ಮಲ್ಲಿ ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಜನವರಿಯಿಂದ ಏಪ್ರಿಲ್ ಒಳಗೆ. ಜೂನ್-ಜುಲೈನಲ್ಲಿ ಮಳೆ ಹೊಡೆಯುವಾಗ ಯಾರ ಕೈಯಲ್ಲೂ ನಗದು ಇರುವುದಿಲ್ಲ. ಬ್ಲಾಕ್ಡ್ ಅಕೌಂಟ್, ಫೀಸಿನ ಮೊದಲ ಕಂತು, ವೀಸಾ ಎಲ್ಲ ಬಂದು ಬೀಳುವುದು ಆಗಲೇ.

ಈಗ ಜಾಗದ ವಿಷಯ. ತಮ್ಮ ಪಹಣಿ ತೆಗೆದುಕೊಂಡು ಬ್ಯಾಂಕಿಗೆ ಹೋದ. ನಮ್ಮದು ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬದ ಹೆಸರಿನಲ್ಲಿ ಬಂದಿರುವಂಥದ್ದು. ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರು, ಜೊತೆಗೆ ಕುಟುಂಬದ ಹನ್ನೊಂದು ಹೆಸರು. ಅದರಲ್ಲಿ ಇಬ್ಬರು ತೀರಿಕೊಂಡು ವರ್ಷಗಳಾಗಿವೆ. ಒಬ್ಬರು ಮಸ್ಕತ್‌ನಲ್ಲಿ, ಇನ್ನೊಬ್ಬರು ಹತ್ತು ವರ್ಷದಿಂದ ಹುತ್ತರಿ ಹಬ್ಬಕ್ಕೂ ಊರಿಗೆ ಬಂದಿಲ್ಲ. ಬ್ಯಾಂಕಿನ ಪ್ಯಾನಲ್ ಲಾಯರು ವಂಶವೃಕ್ಷ, ಋಣಭಾರ ಪತ್ರ, ಮರಣ ಪ್ರಮಾಣಪತ್ರ ಎಲ್ಲ ತರಿಸಿಕೊಂಡು, ಕೊನೆಗೆ ಎಲ್ಲರ ಸಹಿ ಬೇಕು ಅಂದರು. ನಾವು ಅನುಭೋಗಿಸುವ ಭಾಗ ಯಾವುದು ಅಂತ ಊರಿಗೆಲ್ಲ ಗೊತ್ತು, ಪಹಣಿಗೆ ಗೊತ್ತಿಲ್ಲ. ಇದಕ್ಕೇ ಎರಡು ತಿಂಗಳು ಹೋಯಿತು. ಆ ಹೊತ್ತಿಗೆ ಆಫರಿನ ಡೆಪಾಸಿಟ್ ಕಟ್ಟುವ ದಿನ ದಾಟಿತ್ತು.

ಕಾಗದ ಸರಿ ಇದ್ದರೂ ಎಷ್ಟೋ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಾಗ ಒಪ್ಪುವುದಿಲ್ಲ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ, ಸಾಲ ಕೆಟ್ಟರೆ ಸುಲಭವಾಗಿ ಹರಾಜು ಹಾಕಲಾಗುವುದಿಲ್ಲ ಅನ್ನುವುದು ಅವರ ಲೆಕ್ಕ. ಕಾಫಿ ತೋಟಕ್ಕೆ ಆ ವಿನಾಯಿತಿ ಇದೆಯೋ ಇಲ್ಲವೋ ಅನ್ನುವ ಜಗಳ ಬೆಳೆಗಾರರಿಗೂ ಬ್ಯಾಂಕಿಗೂ ನಡೆದಿರುವುದು ನಿಮಗೆ ಗೊತ್ತೇ ಇದೆ, ಹರಾಜು ನೋಟಿಸು ನೋಡಿದವರೂ ಇದ್ದೀರಿ. ಬ್ಯಾಂಕಿನವರಿಗೆ ಇಷ್ಟ ಆಗುವುದು ಕುಶಾಲನಗರದಲ್ಲೋ ಮೈಸೂರಿನಲ್ಲೋ ಒಬ್ಬರ ಹೆಸರಲ್ಲೇ ಇರುವ ಸೈಟು, ಮನೆ, ಇಲ್ಲವೇ ಎಫ್‌ಡಿ. ಅಂಥದ್ದು ಇದ್ದರೆ ಅದನ್ನೇ ಇಡಿ, ಹತ್ತು ಎಕರೆ ತೋಟ ತೋರಿಸುವುದಕ್ಕಿಂತ ಕೆಲಸ ಬೇಗ ಆಗುತ್ತದೆ.

ಆದಾಯದ ಪುರಾವೆ ಇನ್ನೊಂದು ತಲೆನೋವು. ಕಾಫಿಯನ್ನು ಚೆರ್ರಿಯಾಗಿಯೇ ಮಾರುವವರಿಗೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ. ಹಾಗಾಗಿ ಹೆಚ್ಚಿನವರು ರಿಟರ್ನ್ಸ್ ಹಾಕಿರುವುದೇ ಇಲ್ಲ. ಬ್ಯಾಂಕಿನವರು ಕೇಳುವುದು ಮಾತ್ರ ಎರಡು ಮೂರು ವರ್ಷದ ರಿಟರ್ನ್ಸ್! ಮಗು ಪಿಯುಸಿಯಲ್ಲಿರುವಾಗಲೇ ಕೃಷಿ ಆದಾಯ ತೋರಿಸಿ ರಿಟರ್ನ್ಸ್ ಹಾಕಲು ಶುರು ಮಾಡಿ, ಕಾಫಿ ಮಾರಿದ ದುಡ್ಡು ಬ್ಯಾಂಕ್ ಖಾತೆಗೇ ಬರಲಿ. ಮನೆಯಲ್ಲಿ ಸಂಬಳದವರು, ಪೆನ್ಷನ್ ಬರುವವರು ಯಾರಾದರೂ ಸಹ ಅರ್ಜಿದಾರರಾದರೆ ಇನ್ನೂ ಒಳ್ಳೆಯದು.

ಸಾಲ, ಸ್ವಂತ ದುಡ್ಡು ಎರಡರ ಮಧ್ಯೆ ಇನ್ನೊಂದು ವ್ಯತ್ಯಾಸ ಇದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೊರದೇಶಕ್ಕೆ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ, ಇಲ್ಲ. ಸ್ವಂತ ಹಣ ಕಳಿಸಿದರೆ ಒಬ್ಬರ ಪ್ಯಾನ್‌ಗೆ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಹಿಡಿಯುತ್ತಾರೆ. ಅಪ್ಪ, ಅಮ್ಮ ಇಬ್ಬರ ಹತ್ತಿರವೂ ಅವರವರದೇ ದುಡ್ಡಿದ್ದರೆ ಬೇರೆ ಬೇರೆ ಕಳಿಸಬಹುದು. ಹಿಡಿದ ದುಡ್ಡು ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ, ಹಾಕದಿದ್ದರೆ ಹೋಯಿತು.

ಚಿನ್ನದ ಸಾಲವನ್ನು ನಾನು ತೆಗೆದುಹಾಕುವುದಿಲ್ಲ. ಪೂರ್ತಿ ಓದಿಗೆ ಅದು ಸಾಲದು, ಆದರೆ ಜುಲೈಯಿಂದ ಮಾರ್ಚ್‌ವರೆಗಿನ ಕೊರತೆ ತುಂಬಲು ಸರಿಯಾಗುತ್ತದೆ. ಫಸಲು ಮಾರಿ ಒಂದೇ ಸಲ ಬಿಡಿಸಿಕೊಳ್ಳಬಹುದು. ಬ್ರಿಟನ್ನಿನ ವೀಸಾಕ್ಕೆ ಒಡವೆಯ ವ್ಯಾಲ್ಯುಯೇಷನ್, ತೋಟದ ಬೆಲೆ ಯಾವುದೂ ಲೆಕ್ಕಕ್ಕಿಲ್ಲ. 28 ದಿನ ಖಾತೆಯಲ್ಲಿ ಅಲುಗಾಡದೆ ಇದ್ದ ದುಡ್ಡು ಅಥವಾ ಮಂಜೂರಾದ ಶಿಕ್ಷಣ ಸಾಲ ಬೇಕು. ಹೊರದೇಶದ ಓದಿಗೆ ಬ್ಯಾಂಕು ಸಾಮಾನ್ಯವಾಗಿ ಶೇ. 15ರಷ್ಟು ನಿಮ್ಮ ಕೈಯಿಂದ ಹಾಕಿ ಅನ್ನುತ್ತದೆ. ಅದಕ್ಕೆ ನಮ್ಮ ಮನೆಗಳಲ್ಲಿ ಚೀಲ ಕಟ್ಟಿ ಇಟ್ಟ ಕರಿಮೆಣಸೇ ಎಫ್‌ಡಿ. ಸೊಸೈಟಿಯ ಬೆಳೆ ಸಾಲವನ್ನು ಮಾತ್ರ ಫೀಸಿಗೆ ತಿರುಗಿಸಬೇಡಿ. ಮುಂದಿನ ವರ್ಷ ಗೊಬ್ಬರಕ್ಕೆ ಏನು ಮಾಡುತ್ತೀರಿ?

ಟಾಟಾ ಎಂಡೋಮೆಂಟ್ ಅಂತ 1892ರಿಂದ ನಡೆದು ಬಂದಿರುವ ಒಂದು ನಿಧಿ ಇದೆ. ಅವರು ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ. ಕೆ.ಸಿ. ಮಹೀಂದ್ರಾ ಟ್ರಸ್ಟಿನದು ಬಡ್ಡಿಯಿಲ್ಲದ್ದು. ಪೂರ್ತಿ ಖರ್ಚಿಗೆ ಸಾಲದಿದ್ದರೂ ಬ್ಯಾಂಕಿನ ಸಾಲವನ್ನು ಅಷ್ಟು ಇಳಿಸುತ್ತವೆ.

ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಅಭಿಪ್ರಾಯ ಹೀಗೆ. ಒಂದೇ ತೋಟ, ಬೇರೆ ಆದಾಯ ಇಲ್ಲ ಅನ್ನುವ ಮನೆಯವರು ಫೀಸಿಲ್ಲದ ದೇಶ ಅಥವಾ ಪೂರ್ತಿ ವಿದ್ಯಾರ್ಥಿವೇತನ ಸಿಗುವವರೆಗೆ ಎರಡು ವರ್ಷ ಕಾಯಲಿ. ಮನೆಯಲ್ಲಿ ಸಂಬಳ ಇದ್ದು, ಸೀಟು ಬ್ಯಾಂಕಿನ ಪಟ್ಟಿಯಲ್ಲಿದ್ದರೆ ಅಡಮಾನವಿಲ್ಲದ ಸಾಲ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಬದಲಾಗುವ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ. ಕಂತು ಚಿಕ್ಕದಾಗಿ ಇಟ್ಟುಕೊಂಡು, ಒಳ್ಳೆ ರೇಟು ಬಂದ ವರ್ಷ ಮಾರ್ಚ್‌ನಲ್ಲಿ ಒಂದಷ್ಟು ಇಡಿಯಾಗಿ ಕಟ್ಟಬಹುದು.

ನಮ್ಮ ಹುಡುಗಿ ಆ ಆಫರ್ ಬಿಟ್ಟಳು. ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ, ಮುಂದಿನ ವರ್ಷಕ್ಕೆ ಎರಡು ವರ್ಷದ ಅನುಭವ ಆಗುತ್ತದೆ. ಚೀವ್ನಿಂಗ್, ಡಾಡ್, ಎರಾಸ್ಮಸ್ ಅರ್ಜಿಗಳ ಕಾಲ ಹೆಚ್ಚು ಕಡಿಮೆ ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಹಬ್ಬದಿಂದ ನವೆಂಬರ್-ಡಿಸೆಂಬರಿನ ಹುತ್ತರಿ ಕಳೆದು ಸ್ವಲ್ಪ ದಿನದವರೆಗೆ. ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್‌ಗೆ ಪೊನ್ನಂಪೇಟೆ ಸಾಲದು, ವಿಶ್ವವಿದ್ಯಾಲಯ ಇರುವುದು ಶಿವಮೊಗ್ಗದಲ್ಲಿ. ಅದಕ್ಕೆ ಈಗಲೇ ಹೋಗಿ ಬಂದಿದ್ದಾಳೆ. ಅರ್ಜಿಯನ್ನು ಮಾತ್ರ ಊರಿನಲ್ಲಿ ಕೂತು ಹಾಕುವುದಿಲ್ಲವಂತೆ. "ಗಾಳಿ ಬಂದ್ರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ್ರೆ ಟವರ್ ಹೋಗುತ್ತೆ ದೊಡ್ಡಪ್ಪ, ಕೊನೇ ದಿನ ನಂಬಕ್ಕಾಗಲ್ಲ" ಅಂತಾಳೆ. ತಮ್ಮ ಇತ್ತ ಪಹಣಿಯಿಂದ ತೀರಿಕೊಂಡವರ ಹೆಸರು ತೆಗೆಸಲು ವಿರಾಜಪೇಟೆ ತಾಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಮಸ್ಕತ್‌ನವರ ಸಹಿ ಕಳೆದ ವಾರ ಬಂತು.